ಕೋಲ್ಡ್ ಆಟಮ್ ಸಂಶೋಧನೆಗೆ ಹೋಗಲೇ, ಮೂರು ತಿಂಗಳ ಕ್ವಾಂಟಮ್ ಕೋರ್ಸ್ ಮಾಡಲೇ?

ಪ್ರಶ್ನೆ: ನಾನು ಎಂಎಸ್‌ಸಿ ಭೌತಶಾಸ್ತ್ರದ ಕೊನೆಯ ವರ್ಷದಲ್ಲಿದ್ದೇನೆ. ಊರು ಮಲೆನಾಡು. ಅಪ್ಪನಿಗೆ ಎರಡು ಎಕರೆ ಅಡಿಕೆ ತೋಟ, ಮೇಲೆ ಸ್ವಲ್ಪ ಸಾಲ. ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಕಳೆದ ವರ್ಷ ಬೆಂಗಳೂರಿನ ಒಂದು ಪ್ರಯೋಗಾಲಯ ನೋಡಲು ಕಾಲೇಜಿನಿಂದ ಕರೆದುಕೊಂಡು ಹೋಗಿದ್ದರು. ಲೇಸರ್ ಬೆಳಕಿನಿಂದ ಹಿಡಿದಿಟ್ಟ ರುಬಿಡಿಯಂ ಪರಮಾಣುಗಳನ್ನು ಟಿವಿ ಪರದೆಯ ಮೇಲೆ ತೋರಿಸಿದರು. ಒಂದು ಬಿಳಿ ಚುಕ್ಕಿ, ಅಷ್ಟೇ. ಅವತ್ತಿನಿಂದ ಅದೇ ತಲೆಯಲ್ಲಿ ಕೂತಿದೆ. ಪರಮಾಣುಗಳನ್ನು ಹೀಗೆ ತಣ್ಣಗೆ ಮಾಡಿ ನೋಡುವ ಈ ಕೋಲ್ಡ್ ಆಟಮ್ ವಿಷಯದಲ್ಲೇ ಪಿಎಚ್‌ಡಿ ಮಾಡುವ ಆಸೆ. ಆದರೆ ಗೆಳತಿಯರು ‘ಲ್ಯಾಬ್ ಯಾಕೆ, ಮೂರು ತಿಂಗಳ ಕ್ವಾಂಟಮ್ ಪ್ರೋಗ್ರಾಮಿಂಗ್ ಕೋರ್ಸ್ ಮಾಡು, ಕೆಲಸ ಸಿಗುತ್ತೆ’ ಅನ್ನುತ್ತಾರೆ. ದೊಡ್ಡಪ್ಪ ‘ಇದೆಲ್ಲ ನಾಲ್ಕು ದಿನದ ಫ್ಯಾಷನ್, ಮುಗಿಯುವಷ್ಟರಲ್ಲಿ ನಿನಗೆ 29 ಆಗಿರುತ್ತೆ, ಮದುವೆ ಯಾವಾಗ’ ಅನ್ನುತ್ತಾರೆ. ಅಮ್ಮನಿಗೆ ಪರಮಾಣು ಅಂದರೆ ಕೈಗಾ ನೆನಪಾಗಿ ಭಯ. ಅಪ್ಪ ಮಾತ್ರ ಸುಮ್ಮನೆ ಕೇಳಿದರು: ‘ಪರಮಾಣುನ ತಣ್ಣಗೆ ಮಾಡಿ ಏನು ಸಿಗುತ್ತೆ?’ ನನಗೆ ಸರಿಯಾಗಿ ಹೇಳಲು ಬರಲಿಲ್ಲ. ಐಐಟಿಯಲ್ಲಿ ಓದದ ನನ್ನಂಥವಳಿಗೆ ಈ ದಾರಿ ಸಾಧ್ಯವೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರಶ್ನೆಗಳು ನಾಲ್ಕೈದು ಇದ್ದರೂ ಒಳಗಿರುವ ಭಯ ಒಂದೇ. ಆರು ವರ್ಷ ಕೊಟ್ಟ ಮೇಲೆ ಕೈ ಖಾಲಿ ಉಳಿದರೆ? ಈ ಭಯ ಸಣ್ಣದಲ್ಲ. ಎರಡು ಎಕರೆ ತೋಟದ ಮನೆಗೆ ಆರು ವರ್ಷ ಅಂದರೆ ಏನು ಅಂತ ನನಗೂ ಗೊತ್ತು. ನಾನೂ ಹತ್ತನೇವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವನು, ರಾಜ್ಯದ ವಿಶ್ವವಿದ್ಯಾಲಯದಿಂದಲೇ ಈ ಕ್ಷೇತ್ರಕ್ಕೆ ಬಂದವನು. ಇಪ್ಪತ್ತು ವರ್ಷ ಲೇಸರ್ ಮತ್ತು ವ್ಯಾಕ್ಯೂಮ್ ಪಂಪುಗಳ ಜೊತೆ ಕಳೆದಿದ್ದೇನೆ. ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಮೊದಲು ಅಪ್ಪನ ಪ್ರಶ್ನೆ. ಇಡೀ ಪತ್ರದಲ್ಲಿ ನನಗೆ ತುಂಬಾ ಹಿಡಿಸಿದ್ದು ಅದೇ.

ರುಬಿಡಿಯಂ ಪರಮಾಣು ಕೋಣೆಯ ಉಷ್ಣತೆಯಲ್ಲಿ ಸೆಕೆಂಡಿಗೆ ಸುಮಾರು 300 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ವಿಮಾನಕ್ಕಿಂತ ಜೋರು. ತಣ್ಣಗೆ ಮಾಡುವುದು ಅಂದರೆ ಈ ಓಟವನ್ನು ನಿಧಾನ ಮಾಡುವುದು. ಬಸ್ಸು ಭರ್ರನೆ ಹೋಗುವಾಗ ಅದರ ಬೋರ್ಡ್ ಓದಲು ಆಗುವುದಿಲ್ಲ, ಅಲ್ವಾ? ನಿಲ್ದಾಣದಲ್ಲಿ ನಿಂತರೆ ಊರಿನ ಹೆಸರು, ನಂಬರು ಎಲ್ಲ ಓದಬಹುದು. ಪರಮಾಣುವಿನ ವಿಷಯವೂ ಹಾಗೆಯೇ. ಅದು ನಿಂತಷ್ಟು ಹೊತ್ತು ಅದರ ಒಳಗಿನ ಲೆಕ್ಕವನ್ನು ನಾವು ನಿಖರವಾಗಿ ಓದಬಹುದು. ಆ ಲೆಕ್ಕದಿಂದಲೇ ಗಡಿಯಾರ ಆಗುತ್ತದೆ. ಗುರುತ್ವಾಕರ್ಷಣೆ ಅಳೆಯುವ ಯಂತ್ರ ಆಗುತ್ತದೆ. ಕ್ವಾಂಟಮ್ ಕಂಪ್ಯೂಟರ್ ಕೂಡ ಆಗುತ್ತದೆ.

ನಿಲ್ಲಿಸುವುದು ಹೇಗೆ? ಫ್ರಿಜ್ಜಿನಲ್ಲಿಟ್ಟು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ, ಬೆಳಕಿನಿಂದಲೇ ನಿಲ್ಲಿಸುತ್ತೇವೆ. ಇಳಿಜಾರಿನಲ್ಲಿ ಬರುತ್ತಿರುವ ಲೋಡ್ ಲಾರಿಗೆ ಎದುರಿನಿಂದ ಒಂದೊಂದೇ ಅಡಿಕೆ ಎಸೆಯುತ್ತೀರಿ ಅಂತ ಇಟ್ಟುಕೊಳ್ಳಿ. ಒಂದು ಅಡಿಕೆಯಿಂದ ಏನೂ ಆಗುವುದಿಲ್ಲ. ಲೆಕ್ಕವಿಲ್ಲದಷ್ಟು ಎಸೆಯುತ್ತಾ ಹೋದರೆ ಲಾರಿ ನಿಧಾನ ಆಗಲೇಬೇಕು. ಇಲ್ಲಿ ಅಡಿಕೆ ಅಂದರೆ ಬೆಳಕಿನ ಕಣ, ಫೋಟಾನ್. ಒಂದು ಫೋಟಾನ್ ರುಬಿಡಿಯಂನ ವೇಗವನ್ನು ಸೆಕೆಂಡಿಗೆ ಸುಮಾರು 6 ಮಿಲಿಮೀಟರ್‌ನಷ್ಟು ಇಳಿಸುತ್ತದೆ. 300 ಮೀಟರ್ ಇಳಿಸಬೇಕಾದರೆ 50,000 ಫೋಟಾನ್ ಬೇಕು. ಪರಮಾಣು ಒಂದನ್ನು ನುಂಗಿ ಉಗುಳಲು ಸೆಕೆಂಡಿನ ಕೋಟಿಯಲ್ಲೊಂದು ಪಾಲಿನ ಆಸುಪಾಸು ಸಮಯ ಸಾಕು. ಅದಕ್ಕೇ ಇಡೀ ಕೆಲಸ ಕೆಲವೇ ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಲೇಸರ್‌ನ ಆವರ್ತನವನ್ನು ಪರಮಾಣುವಿಗೆ ಬೇಕಾದದ್ದಕ್ಕಿಂತ ಚೂರು ಕಡಿಮೆ ಇಡುತ್ತೇವೆ. ಆಗ ಎದುರು ಬರುವ ಪರಮಾಣುವಿಗೆ ಮಾತ್ರ ಡಾಪ್ಲರ್ ಪರಿಣಾಮದಿಂದ (ಎದುರು ಹೋದಾಗ ಆವರ್ತನ ಏರಿದಂತೆ ಕಾಣುವುದು) ಆ ಬೆಳಕು ಸರಿಹೊಂದುತ್ತದೆ, ದೂರ ಹೋಗುವುದಕ್ಕೆ ಹೊಂದುವುದಿಲ್ಲ. ಆರು ದಿಕ್ಕಿನಿಂದ ಹೀಗೆ ಬೆಳಕು ಬಿಟ್ಟು, ಎರಡು ಸುರುಳಿಗಳಿಂದ ಕಾಂತಕ್ಷೇತ್ರ ಕೊಟ್ಟರೆ, ನೀವು ಕಂಡ ಬಿಳಿ ಚುಕ್ಕಿ ಮೂಡುತ್ತದೆ. ಅದರ ಉಷ್ಣತೆ ಪರಮ ಶೂನ್ಯಕ್ಕಿಂತ ಒಂದು ಡಿಗ್ರಿಯ ಹತ್ತು ಸಾವಿರದಲ್ಲೊಂದು ಭಾಗದಷ್ಟು ಮಾತ್ರ ಮೇಲೆ. ಅಲ್ಲಿ ಪರಮಾಣುವಿನ ವೇಗ ಅಂಬೆಗಾಲಿಡುವ ಮಗುವಿನದ್ದಕ್ಕಿಂತ ಜಾಸ್ತಿ ಇರುವುದಿಲ್ಲ.

ಅಮ್ಮನಿಗೆ ಹೇಳಿ: ಕೈಗಾದಲ್ಲಿ ನಡೆಯುವುದು ಯುರೇನಿಯಂ ಪರಮಾಣುವಿನ ನಡುವಿನ ಬೀಜವನ್ನು ಒಡೆಯುವ ಕೆಲಸ. ನಾವು ಬೀಜಕ್ಕೆ ಕೈಯನ್ನೇ ಹಚ್ಚುವುದಿಲ್ಲ, ಹೊರಗಿನ ಎಲೆಕ್ಟ್ರಾನ್ ಜೊತೆ ಮಾತ್ರ ವ್ಯವಹಾರ. ಅಪಾಯ ಇಲ್ಲವೇ ಇಲ್ಲ ಅಂತ ಹೇಳುವುದಿಲ್ಲ. ನಮ್ಮ ಲೇಸರ್‌ನ ತರಂಗಾಂತರ 780 ನ್ಯಾನೋಮೀಟರ್, ಕಣ್ಣಿಗೆ ಹೆಚ್ಚುಕಮ್ಮಿ ಕಾಣುವುದೇ ಇಲ್ಲ. ಕಾಣದ ಬೆಳಕು ಕಣ್ಣಿಗೆ ಹೊಕ್ಕರೆ ರೆಟಿನಾ ಸುಡುತ್ತದೆ. ಆದ್ದರಿಂದ ಸುರಕ್ಷತಾ ಕನ್ನಡಕ ಹಾಕಿಕೊಳ್ಳಲೇಬೇಕು, ಕೈಯ ಬಳೆ, ವಾಚು, ಉಂಗುರ ತೆಗೆದಿಟ್ಟೇ ಟೇಬಲ್ ಹತ್ತಿರ ಹೋಗಬೇಕು. ಹೊಳೆಯುವ ಯಾವ ವಸ್ತುವಾದರೂ ಬೆಳಕನ್ನು ಕಣ್ಣಿನ ಕಡೆ ತಿರುಗಿಸಬಹುದು. ಈ ಶಿಸ್ತು ಇಲ್ಲದ ಲ್ಯಾಬ್ ಕಂಡರೆ ಅಲ್ಲಿ ಸೇರಬೇಡಿ.

ಈಗ ದೊಡ್ಡಪ್ಪನ ಮಾತು, ಫ್ಯಾಷನ್ ಅನ್ನುವುದು. ಅರ್ಧ ಸರಿ, ಅರ್ಧ ತಪ್ಪು.

1924ರಲ್ಲಿ ಢಾಕಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಸತ್ಯೇಂದ್ರನಾಥ ಬೋಸ್ ಒಂದು ಲೇಖನ ಬರೆದು ಐನ್‌ಸ್ಟೈನ್‌ಗೆ ಕಳಿಸಿದರು. ಐನ್‌ಸ್ಟೈನ್ ಅದನ್ನು ತಾವೇ ಜರ್ಮನ್‌ಗೆ ಅನುವಾದಿಸಿ ಪ್ರಕಟಿಸಿದರು. ಅದೇ ಲೆಕ್ಕವನ್ನು ಮುಂದುವರಿಸಿ, ಪರಮಾಣುಗಳನ್ನು ಸಾಕಷ್ಟು ತಣ್ಣಗೆ ಮಾಡಿದರೆ ಅವೆಲ್ಲ ಒಂದೇ ಕ್ವಾಂಟಮ್ ಸ್ಥಿತಿಗೆ ಬಂದು ಸೇರುತ್ತವೆ ಎಂದರು. ಅದನ್ನು ಪ್ರಯೋಗದಲ್ಲಿ ಕಂಡದ್ದು 1995ರ ಜೂನ್‌ನಲ್ಲಿ. ಅಮೆರಿಕದ ಬೌಲ್ಡರ್‌ನಲ್ಲಿ ಎರಿಕ್ ಕಾರ್ನೆಲ್ ಮತ್ತು ಕಾರ್ಲ್ ವೀಮನ್ ಸುಮಾರು 2000 ರುಬಿಡಿಯಂ ಪರಮಾಣುಗಳಲ್ಲಿ ಕಂಡರು. ಅದೇ ವರ್ಷ ಎಂಐಟಿಯಲ್ಲಿ ವೋಲ್ಫ್‌ಗಾಂಗ್ ಕೆಟ್ಟರ್ಲೆ ಸೋಡಿಯಂನಲ್ಲಿ ಮಾಡಿದರು. ನಡುವೆ ಎಪ್ಪತ್ತು ವರ್ಷ. ಇಷ್ಟು ಕಾದು ಬಂದದ್ದನ್ನು ಫ್ಯಾಷನ್ ಅನ್ನಲು ನನಗೆ ಬಾಯಿ ಬರುವುದಿಲ್ಲ. ಬಿಎಸ್‌ಸಿ ಲ್ಯಾಬಿನ ಕತ್ತಲೆ ಕೋಣೆಯಲ್ಲಿ ಕಪ್ಪು ಪರದೆ ಎಳೆದುಕೊಂಡು ಸೋಡಿಯಂ ದೀಪದ ಎದುರು ನ್ಯೂಟನ್ಸ್ ರಿಂಗ್ಸ್ ಎಣಿಸಿದ್ದೀರಿ, ಅಲ್ವಾ? ಆ ಹಳದಿ ಬೆಳಕು 589 ನ್ಯಾನೋಮೀಟರ್. ಸೋಡಿಯಂ ಪರಮಾಣುಗಳನ್ನು ತಣ್ಣಗೆ ಮಾಡುವುದೂ ಅದೇ ಹಳದಿ ಬೆಳಕಿನಿಂದ. ನಿಮ್ಮ ಕಾಲೇಜಿಗೂ ಆ ಪ್ರಯೋಗಾಲಯಗಳಿಗೂ ನೀವು ತಿಳಿದಷ್ಟು ದೂರವಿಲ್ಲ.

ಫ್ಯಾಷನ್ ಇರುವುದು ‘ಕ್ವಾಂಟಮ್’ ಎಂಬ ಪದದ ಸುತ್ತ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಮೊತ್ತ 6003 ಕೋಟಿ ರೂಪಾಯಿಗೂ ಮೇಲೆ, ಅವಧಿ 2030–31ರವರೆಗೆ. ಅದರ ನಾಲ್ಕು ಕೇಂದ್ರಗಳಲ್ಲಿ ಕಂಪ್ಯೂಟಿಂಗ್ ಭಾಗ ಬೆಂಗಳೂರಿನ ಐಐಎಸ್‌ಸಿಗೆ ಬಂದಿದೆ, ಸೆನ್ಸಿಂಗ್ (ನಿಖರವಾಗಿ ಅಳೆಯುವ) ಭಾಗ ಐಐಟಿ ಬಾಂಬೆಗೆ ಹೋಗಿದೆ. 2025ರಲ್ಲಿ ರಾಜ್ಯ ಸರ್ಕಾರವೂ 1000 ಕೋಟಿ ರೂಪಾಯಿಯ ಯೋಜನೆ ಘೋಷಿಸಿತು. ಹಣ ಬಂದಾಗ ಅದರ ಹಿಂದೆ ಜಾಹೀರಾತೂ ಬರುತ್ತದೆ. ಕ್ವಾಂಟಮ್ ಕಂಪ್ಯೂಟರ್ ನಾಳೆ ಬೆಳಿಗ್ಗೆ ಎಲ್ಲವನ್ನೂ ಬದಲಿಸುತ್ತದೆ ಎಂಬ ಮಾತುಗಳನ್ನು ಪಕ್ಕಕ್ಕಿಡಿ. ನಿಜವಾದ ಪ್ರಗತಿ ಇದೆ. 2023ರ ಕೊನೆಯಲ್ಲಿ ಹಾರ್ವರ್ಡ್‌ನ ತಂಡವೊಂದು 280ರವರೆಗೆ ರುಬಿಡಿಯಂ ಪರಮಾಣುಗಳನ್ನು ಬಳಸಿ 48 ಲಾಜಿಕಲ್ ಕ್ಯೂಬಿಟ್‌ಗಳನ್ನು (ತಪ್ಪು ಹಿಡಿಯಲು ಹಲವು ಪರಮಾಣು ಸೇರಿಸಿ ಮಾಡಿದ ಕ್ವಾಂಟಮ್ ಮಾಹಿತಿಯ ಘಟಕ) ನಡೆಸಿ ತೋರಿಸಿತು. 2025ರಲ್ಲಿ ಕ್ಯಾಲ್‌ಟೆಕ್‌ನವರು 6100 ಸೀಸಿಯಂ ಪರಮಾಣುಗಳನ್ನು ಬೆಳಕಿನ ಚಿಮಟದಲ್ಲಿ, ಅಂದರೆ ಬಿಗಿಯಾಗಿ ಕೂಡಿಸಿದ ಲೇಸರ್ ಕಿರಣದಲ್ಲಿ, ಒಂದೊಂದಾಗಿ ಹಿಡಿದರು. ಹತ್ತು ವರ್ಷದ ಹಿಂದೆ ಇದನ್ನು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಆದರೂ ದಿನಬಳಕೆಗೆ ಬರುವ ಯಂತ್ರಕ್ಕೆ ಇನ್ನೂ ದಾರಿ ಉದ್ದ ಇದೆ. ತಣ್ಣನೆಯ ಪರಮಾಣು, ಅಯಾನು (ವಿದ್ಯುದಾವೇಶ ಇರುವ ಪರಮಾಣು), ಸೂಪರ್‌ಕಂಡಕ್ಟರ್ (ತಡೆಯಿಲ್ಲದೆ ವಿದ್ಯುತ್ ಹರಿಸುವ ವಸ್ತು) ಈ ಮೂರರಲ್ಲಿ ಯಾವುದು ಮುಂದೆ ನಿಲ್ಲುತ್ತದೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಉತ್ಸಾಹ ಇಳಿಯುವ ದಿನ ಬರಬಹುದು. ಬಂದರೂ ಗಡಿಯಾರ ಬೇಕೇ ಬೇಕು. ಜಿಪಿಎಸ್‌ನಂತೆ ಸ್ಥಳ ಹೇಳುವ ನಮ್ಮ ನಾವಿಕ್ ಉಪಗ್ರಹಗಳ ಕಥೆ ನೋಡಿ. 2013ರಲ್ಲಿ ಹಾರಿದ ಮೊದಲ ಉಪಗ್ರಹದಲ್ಲಿ ಹೊರದೇಶದಿಂದ ತರಿಸಿದ ಮೂರು ರುಬಿಡಿಯಂ ಗಡಿಯಾರಗಳಿದ್ದವು. ಕೆಲವೇ ವರ್ಷಗಳಲ್ಲಿ ಮೂರೂ ಕೆಟ್ಟವು. ಗಡಿಯಾರ ನಿಂತರೆ ಸ್ಥಳ ಹೇಳುವ ಉಪಗ್ರಹ ಆ ಕೆಲಸಕ್ಕೆ ಬರುವುದಿಲ್ಲ. ಆಮೇಲೆ ಅಹಮದಾಬಾದಿನ ಇಸ್ರೋ ಕೇಂದ್ರದವರು ಸ್ವಂತವಾಗಿ ರುಬಿಡಿಯಂ ಗಡಿಯಾರ ಮಾಡಿದರು. 2023ರ ಮೇ 29ರಂದು ಎನ್‌ವಿಎಸ್-01 ಜೊತೆ ಅದು ಮೇಲೆ ಹೋಯಿತು. ಅದು ಕೋಲ್ಡ್ ಆಟಮ್ ಗಡಿಯಾರ ಅಲ್ಲ, ಬಿಸಿ ಆವಿಯದ್ದು. ಆದರೆ ಪರಮಾಣು ಅದೇ, ವಿದ್ಯೆ ಅದೇ. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಒಂದು ತಂಡ ತಣ್ಣನೆಯ ಪರಮಾಣುಗಳನ್ನು ಬೀಳಿಸಿ, ಗುರುತ್ವದ ಸಣ್ಣ ವ್ಯತ್ಯಾಸ ಅಳೆದು, ನೆಲದಡಿ ಒಂದು ಮೀಟರ್ ಆಳದಲ್ಲಿದ್ದ ಸುರಂಗವನ್ನು 2022ರಲ್ಲಿ ಪತ್ತೆ ಮಾಡಿತು. ‘ಏನು ಸಿಗುತ್ತೆ’ ಅಂತ ಅಪ್ಪ ಮತ್ತೆ ಕೇಳಿದರೆ ಈ ಎರಡು ಉದಾಹರಣೆ ಹೇಳಿ.

ನಿಮಗೆ ಇದು ಒಗ್ಗುತ್ತದೆಯೇ ಎಂಬುದು ಬೇರೆ ಮಾತು. ನೀವು ನೋಡಿದ್ದು ಕೊನೆಯ ಬಿಳಿ ಚುಕ್ಕಿ. ಅದರ ಹಿಂದಿನ ದಿನಗಳು ಹೇಗಿರುತ್ತವೆ ಅಂತ ಹೇಳಬೇಕು.

ನನ್ನ ಪಿಎಚ್‌ಡಿಯ ಎರಡನೇ ವರ್ಷ ಪೂರ್ತಿ ಹೋದದ್ದು ವ್ಯಾಕ್ಯೂಮ್ ಚೇಂಬರ್ ಕಟ್ಟುವುದರಲ್ಲಿ. ತಣ್ಣನೆಯ ಪರಮಾಣುವಿಗೆ ಹೊರಗಿನ ಒಂದು ಬಿಸಿ ಅಣು ಬಡಿದರೂ ಅದು ಚಿಮ್ಮಿ ಹೋಗುತ್ತದೆ. ಹಾಗಾಗಿ ಚೇಂಬರಿನೊಳಗಿನ ಒತ್ತಡ ಹೊರಗಿನದರ ಲಕ್ಷ ಕೋಟಿಯಲ್ಲೊಂದು ಪಾಲಿಗೆ ಇಳಿಯಬೇಕು. ಸ್ಟೀಲ್ ಗೋಡೆಗೆ ಅಂಟಿದ ನೀರಿನ ಅಂಶ ಬಿಡಿಸಲು ಇಡೀ ಚೇಂಬರಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಹೀಟರ್ ಟೇಪ್ ಕಟ್ಟಿ, ಒಂದು ವಾರ ಬಿಸಿ ಮಾಡುತ್ತೇವೆ. ಅದಕ್ಕೆ ಬೇಕಿಂಗ್ ಅನ್ನುತ್ತೇವೆ. ನಾನು ಮೂರು ಸಲ ಬೇಕ್ ಮಾಡಿದೆ. ಒತ್ತಡ ಒಂದು ಕಡೆ ಬಂದು ನಿಂತುಬಿಡುತ್ತಿತ್ತು, ಇಳಿಯುತ್ತಿರಲಿಲ್ಲ. ನಾಲ್ಕು ತಿಂಗಳು ಹೀಗೇ. ಕೊನೆಗೆ ಹೀಲಿಯಂ ಊದುತ್ತಾ ಒಂದೊಂದು ಜಾಯಿಂಟ್ ಹುಡುಕಿದಾಗ ಸಿಕ್ಕಿದ್ದು ಒಂದು ಫ್ಲ್ಯಾಂಜಿನ (ಎರಡು ಭಾಗ ಸೇರಿಸುವ ಬಿಲ್ಲೆಯ) ಅಂಚಿನಲ್ಲಿದ್ದ ಕೂದಲಿನಷ್ಟು ಗೀರು. ನಡುವೆ ಗಾಳಿ ಸೋರದಂತೆ ಇಡುವ ತಾಮ್ರದ ಗ್ಯಾಸ್ಕೆಟ್ ಅಲ್ಲಿ ಸರಿಯಾಗಿ ಕಚ್ಚಿರಲಿಲ್ಲ. ಆ ನಾಲ್ಕು ತಿಂಗಳಲ್ಲಿ ತೋರಿಸಲು ನನ್ನ ಬಳಿ ಒಂದು ಗ್ರಾಫ್ ಕೂಡ ಇರಲಿಲ್ಲ. ಊರಿಗೆ ಹೋದಾಗ ‘ಏನು ಕಂಡುಹಿಡಿದೆ’ ಅಂತ ಕೇಳುತ್ತಿದ್ದರು. ಹೇಳಲು ಏನೂ ಇರಲಿಲ್ಲ. ಊಟ ಸೇರುತ್ತಿರಲಿಲ್ಲ, ನಿದ್ದೆ ಬರುತ್ತಿರಲಿಲ್ಲ.

ಅದರ ಜೊತೆ ನಮ್ಮ ದೇಶದ ಕಷ್ಟಗಳೂ ಇವೆ. ಲೇಸರ್ ತರಿಸಲು ಟೆಂಡರ್, ಕಸ್ಟಮ್ಸ್ ಎಲ್ಲ ಸೇರಿ ತಿಂಗಳುಗಟ್ಟಲೆ ಹಿಡಿಯುತ್ತದೆ. ಕೆಟ್ಟರೆ ರಿಪೇರಿಗೆ ಮತ್ತೆ ಹೊರದೇಶಕ್ಕೆ ಹೋಗಬೇಕು. ಕೋಣೆಯ ಉಷ್ಣತೆ ಎರಡು ಡಿಗ್ರಿ ಏರಿದರೂ ಅಲೈನ್‌ಮೆಂಟ್ ಜಾರುತ್ತದೆ. ಏಪ್ರಿಲ್ ತಿಂಗಳಲ್ಲಿ ಎಸಿ ಕೈಕೊಟ್ಟರೆ ಆ ವಾರ ಡೇಟಾ ಇಲ್ಲ. ತುಂಬಾ ಜನ ರಾತ್ರಿ ಹತ್ತರ ಮೇಲೆ ಡೇಟಾ ತೆಗೆಯುವುದು ಇದಕ್ಕೇ. ಆಗ ಕಟ್ಟಡ ತಣ್ಣಗಿರುತ್ತದೆ, ಲಿಫ್ಟ್ ಓಡಾಡುವುದಿಲ್ಲ.

ಇದನ್ನೆಲ್ಲ ಹೆದರಿಸಲು ಹೇಳುತ್ತಿಲ್ಲ. ಆ ಗೀರು ಸಿಕ್ಕ ರಾತ್ರಿಯ ಖುಷಿ ನನಗೆ ಇವತ್ತಿಗೂ ಇದೆ. ಈ ಕ್ಷೇತ್ರದ ದೊಡ್ಡ ಹೆಜ್ಜೆಗಳೂ ಹೀಗೆ ಕೆಟ್ಟದ್ದನ್ನು ಹುಡುಕುತ್ತಲೇ ಬಂದಿವೆ. 1988ರಲ್ಲಿ ವಿಲಿಯಂ ಫಿಲಿಪ್ಸ್ ಅವರ ತಂಡ ಸೋಡಿಯಂ ಪರಮಾಣುಗಳ ಉಷ್ಣತೆ ಅಳೆಯಿತು. ಸಿದ್ಧಾಂತದ ಪ್ರಕಾರ 240 ಮೈಕ್ರೋಕೆಲ್ವಿನ್‌ಗಿಂತ (ಒಂದು ಮೈಕ್ರೋಕೆಲ್ವಿನ್ ಅಂದರೆ ಡಿಗ್ರಿಯ ಹತ್ತು ಲಕ್ಷದಲ್ಲೊಂದು ಭಾಗ) ಕೆಳಗೆ ಹೋಗುವ ಹಾಗಿರಲಿಲ್ಲ. ಅವರಿಗೆ ಬಂದದ್ದು 40ರ ಸುಮಾರು. ಅಳತೆಯೇ ತಪ್ಪಿರಬೇಕು ಅಂತ ಬೇರೆ ಬೇರೆ ವಿಧಾನದಲ್ಲಿ ಮತ್ತೆ ಮತ್ತೆ ಅಳೆದರು. ತಪ್ಪಿರಲಿಲ್ಲ. ಸಿದ್ಧಾಂತವೇ ಪೂರ್ತಿ ಇರಲಿಲ್ಲ. ಆ ಕೆಲಸಕ್ಕೆ 1997ರ ನೊಬೆಲ್‌ನಲ್ಲಿ ಪಾಲು ಬಂತು. ನಿಮ್ಮ ರೀಡಿಂಗ್ ಪುಸ್ತಕದ ಜೊತೆ ಹೊಂದದಿದ್ದಾಗ ನಿಮಗೆ ಏನಾಗುತ್ತದೆ? ಉತ್ತರಕ್ಕೆ ತಕ್ಕ ಹಾಗೆ ರೀಡಿಂಗ್ ತಿದ್ದಿಬಿಡೋಣ ಅನಿಸುತ್ತದೆಯೇ, ಅಥವಾ ಯಾಕೆ ಹೀಗಾಯಿತು ಅಂತ ತಲೆ ಕೆರೆದುಕೊಂಡು ಮತ್ತೆ ಕೂರುತ್ತೀರಾ? ನಿಮಗೆ ಈ ದಾರಿ ಸರಿಯೇ ಅನ್ನುವುದಕ್ಕೆ ಐಐಟಿಗಿಂತ, ಅಂಕಪಟ್ಟಿಗಿಂತ ಇದರ ಉತ್ತರವನ್ನು ನಾನು ಜಾಸ್ತಿ ನಂಬುತ್ತೇನೆ.

ಕನ್ನಡ ಮಾಧ್ಯಮದ ಬಗ್ಗೆ. ತೊಂದರೆ ಆಗುತ್ತದೆ, ಆದರೆ ನೀವು ಅಂದುಕೊಂಡ ಜಾಗದಲ್ಲಲ್ಲ. ಪ್ರವೇಶ ಪರೀಕ್ಷೆಗಳಲ್ಲಿ, ಅಂದರೆ ಜೆಸ್ಟ್, ಗೇಟ್, ಸಿಎಸ್‌ಐಆರ್ ನೆಟ್‌ಗಳಲ್ಲಿ, ಭಾಷೆ ಅಡ್ಡ ಬರುವುದಿಲ್ಲ. ಲೆಕ್ಕ ಬಂದರೆ ಸಾಕು. ಸಂದರ್ಶನದಲ್ಲಿ ಮೊದಲ ಐದು ನಿಮಿಷ ನಾಲಿಗೆ ಒಣಗುತ್ತದೆ. ನನಗೂ ಒಣಗಿತ್ತು. ಬೋರ್ಡಿನ ಹತ್ತಿರ ಹೋಗಿ ಚಿತ್ರ ಬಿಡಿಸಲು ಶುರು ಮಾಡಿ, ಮಾತು ಹಿಂದೆ ಬರುತ್ತದೆ. ಕೇಳುವುದು ಮೂಲ ವಿಷಯವನ್ನೇ. ಹಾರ್ಮೋನಿಕ್ ಆಸಿಲೇಟರ್, ಹೈಡ್ರೋಜನ್ ಪರಮಾಣು, ಝೀಮನ್ ಪರಿಣಾಮ, ಬೆಳಕಿನ ಪೋಲರೈಸೇಶನ್, ಆಪ್-ಆಂಪ್. ನಿಮ್ಮ ಪ್ರಾಜೆಕ್ಟ್‌ನಲ್ಲಿ ನೀವು ಸ್ವಂತ ಕೈಯಿಂದ ಏನು ಮಾಡಿದಿರಿ ಅಂತ ಖಂಡಿತ ಕೇಳುತ್ತಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ಸಂದರ್ಶನ ಮಂಡಳಿಯಲ್ಲಿ ಕೂತು ನಾನೇ ನೋಡಿದ್ದೇನೆ, ಬುರುಡೆ ಬಿಟ್ಟವರನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ನಿಜವಾದ ತೊಂದರೆ ಬರುವುದು ಆಮೇಲೆ, ಮೂರನೇ ವರ್ಷದಲ್ಲಿ ಪೇಪರ್ ಬರೆಯುವಾಗ. ಅದಕ್ಕೆ ಈಗಿನಿಂದಲೇ ಲ್ಯಾಬ್ ನೋಟ್‌ಬುಕ್ಕನ್ನು ಇಂಗ್ಲಿಷಿನಲ್ಲಿ, ಪೂರ್ಣ ವಾಕ್ಯಗಳಲ್ಲಿ ಬರೆಯುವ ಅಭ್ಯಾಸ ಮಾಡಿಕೊಳ್ಳಿ.

ಗೆಳತಿಯರು ಹೇಳಿದ ಮೂರು ತಿಂಗಳ ಕೋರ್ಸ್. ಕಿಸ್ಕಿಟ್‌ನಂಥ ಪೈಥಾನ್ ಲೈಬ್ರರಿ ಕಲಿಯುವುದು ಒಳ್ಳೆಯದೇ, ಅದಕ್ಕೆ ಹಣ ಕೊಡಬೇಕಾಗಿಯೂ ಇಲ್ಲ. ಆದರೆ ಸರ್ಟಿಫಿಕೇಟ್ ನೋಡಿ ಕ್ವಾಂಟಮ್ ಕಂಪನಿಯವರು ಕೆಲಸ ಕೊಡುತ್ತಾರೆ ಎಂಬುದು ತಪ್ಪು ಕಲ್ಪನೆ. ಅಲ್ಲಿನ ಸಾಫ್ಟ್‌ವೇರ್ ಕೆಲಸಕ್ಕೆ ಗಟ್ಟಿ ಕಂಪ್ಯೂಟರ್ ಸೈನ್ಸ್ ಬೇಕು, ಇಲ್ಲವಾದರೆ ಪಿಎಚ್‌ಡಿ ಬೇಕು. ಹತ್ತಾರು ಸಾವಿರ ರೂಪಾಯಿ ಶುಲ್ಕ ಕೇಳಿ ಕೆಲಸದ ಭರವಸೆ ಕೊಡುವವರಿಗೆ ಸಾಲ ಮಾಡಿ ಹಣ ಕಟ್ಟಬೇಡಿ. ಇದೊಂದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಕ್ವಾಂಟಮ್ ಇನ್‌ಫರ್ಮೇಶನ್ ಎಂಬುದು ಆ ಕೋರ್ಸ್‌ಗಿಂತ ತುಂಬಾ ದೊಡ್ಡದು. ಮಾಹಿತಿಯನ್ನು ಕ್ವಾಂಟಮ್ ನಿಯಮದ ಪ್ರಕಾರ ಹೇಗೆ ಕೂಡಿಡುವುದು, ಕಳಿಸುವುದು, ಕದಿಯದಂತೆ ಕಾಯುವುದು ಎಂಬ ಅಧ್ಯಯನ ಅದು. ಅದರ ಥಿಯರಿ ಮಾಡುವುದಾದರೆ ಪ್ರಯಾಗರಾಜದ ಹರೀಶ್‌ಚಂದ್ರ ಸಂಸ್ಥೆ, ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯಂಥ ಜಾಗಗಳಿವೆ. ಉಪಕರಣಕ್ಕಾಗಿ ಕಾಯಬೇಕಾಗಿಲ್ಲ. ಆದರೆ ಸೀಟು ಕಡಿಮೆ, ಆಮೇಲಿನ ಪೈಪೋಟಿ ಜಾಸ್ತಿ. ಪ್ರಯೋಗದಲ್ಲಾದರೆ ಕೋಲ್ಡ್ ಆಟಮ್ ಮತ್ತು ಕ್ವಾಂಟಮ್ ಇನ್‌ಫರ್ಮೇಶನ್ ಈಗ ಒಂದೇ ಟೇಬಲ್ ಮೇಲೆ ಸೇರುತ್ತಿವೆ, ಎರಡರಲ್ಲಿ ಒಂದನ್ನು ಬಿಡಬೇಕಾಗಿಲ್ಲ. ನಿಮ್ಮ ಪತ್ರ ನೋಡಿದರೆ ನಿಮ್ಮ ಮನಸ್ಸು ಪ್ರಯೋಗದ ಕಡೆಗಿದೆ. ನಾನಾಗಿದ್ದರೆ ಅದನ್ನೇ ಕೇಳುತ್ತಿದ್ದೆ.

ಹಣ ಮತ್ತು ವಯಸ್ಸು. 2023ರಿಂದ ಜೆಆರ್‌ಎಫ್, ಅಂದರೆ ಸಂಶೋಧನಾ ವಿದ್ಯಾರ್ಥಿಗೆ ಕೊಡುವ ಫೆಲೋಶಿಪ್, ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಹಾಸ್ಟೆಲ್ ಸಿಕ್ಕರೆ ಬೆಂಗಳೂರಿನಲ್ಲಿ ಒಬ್ಬರು ಬದುಕಬಹುದು, ಮನೆಗೆ ಚೂರು ಕಳಿಸಬಹುದು. ತೋಟದ ಸಾಲ ಇದರಿಂದ ತೀರುತ್ತದೆ ಅಂತ ಮಾತ್ರ ಅಂದುಕೊಳ್ಳಬೇಡಿ. ಕೆಲವೊಮ್ಮೆ ಹಣ ಎರಡು ಮೂರು ತಿಂಗಳು ತಡವಾಗುತ್ತದೆ, ಸ್ವಲ್ಪ ಉಳಿತಾಯ ಇರಲೇಬೇಕು. ಪ್ರಯೋಗದ ಪಿಎಚ್‌ಡಿಗೆ ಐದೂವರೆಯಿಂದ ಏಳು ವರ್ಷ. ಪ್ರಾಧ್ಯಾಪಕರಾಗಬೇಕಾದರೆ ಆಮೇಲೆ ಎರಡರಿಂದ ನಾಲ್ಕು ವರ್ಷ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ), ಹೆಚ್ಚಾಗಿ ಹೊರದೇಶದಲ್ಲಿ. ದೊಡ್ಡಪ್ಪನ ಲೆಕ್ಕ ತಪ್ಪಿಲ್ಲ. 29 ಅಲ್ಲ, ಇನ್ನೂ ಜಾಸ್ತಿಯೂ ಆಗಬಹುದು.

ಆಮೇಲೆ ಏನು? ನಾವು ಐದು ಜನ ಒಟ್ಟಿಗೆ ಶುರು ಮಾಡಿದ್ದೆವು. ಇಬ್ಬರು ಈಗ ಪಾಠ ಮತ್ತು ಸಂಶೋಧನೆಯಲ್ಲಿದ್ದೇವೆ. ಒಬ್ಬಳು ಜರ್ಮನಿಯಲ್ಲಿ ಲೇಸರ್ ಮಾಡುವ ಕಂಪನಿಯಲ್ಲಿದ್ದಾಳೆ. ಇನ್ನೊಬ್ಬ ಡೇಟಾ ಕೆಲಸಕ್ಕೆ ಹೋದ, ಸಂತೋಷವಾಗಿದ್ದಾನೆ. ಒಬ್ಬ ನಾಲ್ಕನೇ ವರ್ಷದಲ್ಲಿ ಬಿಟ್ಟ. ಅವನಿಗೆ ಬುದ್ಧಿ ಕಡಿಮೆ ಇರಲಿಲ್ಲ, ಗೈಡ್ ಜೊತೆ ಮಾತುಕತೆಯೇ ನಿಂತುಹೋಗಿತ್ತು. ಎಲ್ಲರೂ ಪ್ರಾಧ್ಯಾಪಕರಾಗುವುದಿಲ್ಲ. ಆದರೆ ಲೇಸರ್, ವ್ಯಾಕ್ಯೂಮ್, ಆರ್‌ಎಫ್ ಎಲೆಕ್ಟ್ರಾನಿಕ್ಸ್, ಪೈಥಾನ್ ಕೈಗೆ ಹತ್ತಿದವರು ಖಾಲಿ ಕೂತದ್ದನ್ನು ನಾನು ಕಂಡಿಲ್ಲ. ಚಿಪ್ ತಯಾರಿಸುವ ಯಂತ್ರಕ್ಕೂ, ಕಣ್ಣಿನ ಆಸ್ಪತ್ರೆಯ ಲೇಸರ್‌ಗೂ, ಉಪಗ್ರಹಕ್ಕೂ ಇದೇ ಕೆಲಸ ಬೇಕು.

ಮದುವೆ ಯಾವಾಗ ಎಂಬುದು ನಿಮ್ಮ ತೀರ್ಮಾನ, ಅದರಲ್ಲಿ ನಾನು ಮಾತಾಡುವುದಿಲ್ಲ. ಪಿಎಚ್‌ಡಿ ನಡುವೆ ಮದುವೆಯಾದವರು, ಮಗುವಾದ ಮೇಲೆ ಮರಳಿ ಬಂದು ಮುಗಿಸಿದವರು ನಮ್ಮಲ್ಲೇ ಇದ್ದಾರೆ. ಅವರಿಗೆ ಮುಖ್ಯವಾಗಿ ಬೇಕಾದದ್ದು ರಾತ್ರಿ ಲ್ಯಾಬಿಗೆ ಹೋಗುವುದನ್ನು ಅರ್ಥ ಮಾಡಿಕೊಳ್ಳುವ ಮನೆ ಮತ್ತು ರಜೆಯನ್ನು ಹಗೆ ಮಾಡದ ಗೈಡ್. ವಿರಾಮದ ನಂತರ ಮರಳುವ ಮಹಿಳೆಯರಿಗೆ ಕೇಂದ್ರದ ವಿಜ್ಞಾನ ಇಲಾಖೆಯ ವೈಸ್-ಕಿರಣ್ ಯೋಜನೆಯೂ ಇದೆ.

ಹಾಗಾದರೆ ಈಗ ಏನು ಮಾಡಬೇಕು? ಎಂಎಸ್‌ಸಿ ಮುಗಿದ ತಕ್ಷಣ ಆರು ವರ್ಷಕ್ಕೆ ಸಹಿ ಹಾಕಬೇಡಿ. ಒಂದು ವರ್ಷ ಯಾವುದಾದರೂ ಕೋಲ್ಡ್ ಆಟಮ್ ಲ್ಯಾಬ್‌ನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ. ಬೆಂಗಳೂರಿನಲ್ಲೇ ರಾಮನ್ ಸಂಶೋಧನಾ ಸಂಸ್ಥೆ ಇದೆ, ಐಐಎಸ್‌ಸಿ ಇದೆ. ಪುಣೆಯಲ್ಲಿ ಐಸರ್, ಮುಂಬೈಯಲ್ಲಿ ಟಿಐಎಫ್‌ಆರ್, ಇಂದೋರಿನಲ್ಲಿ ಆರ್‌ಆರ್‌ಕ್ಯಾಟ್ ಎಂಬ ಸಂಶೋಧನಾ ಸಂಸ್ಥೆಗಳಿವೆ. ಸಂಬಳ ಕಡಿಮೆ, ಕೆಲಸ ಮುಂದುವರಿಯುವ ಖಾತ್ರಿ ಇಲ್ಲ. ಅದು ಈ ದಾರಿಯ ರಿಸ್ಕ್. ಆದರೆ ಒಂದು ಲೇಸರ್ ಲಾಕ್ ಮಾಡಿ (ಅದರ ಆವರ್ತನ ಅಲುಗದಂತೆ ನಿಲ್ಲಿಸಿ), ಒಂದು ಬೇಕಿಂಗ್ ನೋಡಿ, ಮೂರು ವಾರ ಏನೂ ನಡೆಯದ ದಿನಗಳನ್ನು ಕಳೆದರೆ ನಿಮಗೇ ಗೊತ್ತಾಗುತ್ತದೆ. ಅದೇ ವರ್ಷ ಸಂಜೆ ಹೊತ್ತು ನೆಟ್ ಮತ್ತು ಜೆಸ್ಟ್‌ಗೆ ಓದಿ. ನೆಟ್ ಪಾಸಾದರೆ ಕಾಲೇಜು ಅಧ್ಯಾಪಕರ ಹುದ್ದೆಗೂ ಅರ್ಹತೆ ಬರುತ್ತದೆ. ಓದಿದ್ದು ವ್ಯರ್ಥವಾಗುವುದಿಲ್ಲ, ಮನೆಯವರಿಗೂ ಧೈರ್ಯ. ನೇರ ಪಿಎಚ್‌ಡಿಗೆ ಸೇರಿದರೆ ಒಂದು ವರ್ಷ ಉಳಿಯುತ್ತದೆ, ಆದರೆ ಲ್ಯಾಬ್ ಸರಿ ಹೊಂದದಿದ್ದರೆ ಎರಡು ಮೂರು ವರ್ಷ ಕಳೆಯುತ್ತದೆ. ಜರ್ಮನಿಯಲ್ಲಿ ಪಿಎಚ್‌ಡಿ ಅಂದರೆ ಸಂಬಳದ ಕೆಲಸ, ಉಪಕರಣ ಬೇಗ ಸಿಗುತ್ತವೆ, ಮೂರು ನಾಲ್ಕು ವರ್ಷಕ್ಕೆ ಮುಗಿಯುತ್ತದೆ. ಮನೆಯಿಂದ ದೂರ ಇರುವ ಕಷ್ಟ ಮಾತ್ರ ಸಣ್ಣದಲ್ಲ. ಅಲ್ಲಿಗೂ ಈ ಒಂದು ವರ್ಷದ ಅನುಭವ ಮತ್ತು ಒಂದು ಗಟ್ಟಿ ಶಿಫಾರಸು ಪತ್ರ ಬೇಕಾಗುತ್ತದೆ.

ಲ್ಯಾಬ್ ಆರಿಸುವಾಗ ವಿಷಯಕ್ಕಿಂತ ಗೈಡ್ ಮುಖ್ಯ. ಅಲ್ಲಿನ ಸೀನಿಯರ್‌ಗಳ ಜೊತೆ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಾ ಮಾತಾಡಿ, ಗೈಡ್ ಎದುರಿಗೆ ಬೇಡ. ಹಿಂದಿನವರು ಎಷ್ಟು ವರ್ಷಕ್ಕೆ ಮುಗಿಸಿದರು, ಈಗ ಎಲ್ಲಿದ್ದಾರೆ, ಯಾರಾದರೂ ಬಿಟ್ಟು ಹೋದರೇ, ಯಾಕೆ ಅಂತ ಕೇಳಿ. ಪ್ರಯೋಗ ಈಗಾಗಲೇ ನಡೆಯುತ್ತಿದೆಯೇ, ಇನ್ನೂ ಕಟ್ಟಬೇಕೇ ಅಂತಲೂ ಕೇಳಿ. ಹೊಸ ಲ್ಯಾಬ್‌ನಲ್ಲಿ ಎಲ್ಲ ಕಲಿಯುತ್ತೀರಿ, ಪೇಪರ್ ತಡವಾಗುತ್ತದೆ. ಹಳೆಯದರಲ್ಲಿ ಪೇಪರ್ ಬೇಗ, ಸ್ಕ್ರೂ ಹಿಡಿಯುವ ಅವಕಾಶ ಕಡಿಮೆ.

ಪ್ರಾಧ್ಯಾಪಕರಿಗೆ ಇಮೇಲ್ ಬರೆಯುವಾಗ ಎಲ್ಲರಿಗೂ ಒಂದೇ ಪತ್ರ ಕಳಿಸಬೇಡಿ. ಅವರ ಒಂದು ಪೇಪರ್ ಓದಿ, ಅರ್ಥವಾಗದ ಒಂದು ಜಾಗ ಹಿಡಿದು ಪ್ರಶ್ನೆ ಕೇಳಿ. ನಿಮ್ಮ ಎಂಎಸ್‌ಸಿ ಪ್ರಾಜೆಕ್ಟ್‌ನಲ್ಲಿ ಏನು ಕೈಕೊಟ್ಟಿತು, ಅದನ್ನು ಹೇಗೆ ಹುಡುಕಿದಿರಿ ಅಂತ ನಾಲ್ಕು ಸಾಲು ಬರೆಯಿರಿ. ಇಂಥ ಪತ್ರ ಬಂದರೆ ನಾನು ಮೊದಲು ಓದುವುದು ಆ ನಾಲ್ಕು ಸಾಲನ್ನೇ. ಎರಡು ವಾರ ಉತ್ತರ ಬರದಿದ್ದರೆ ಇನ್ನೊಮ್ಮೆ ಬರೆಯಿರಿ. ಅದರಲ್ಲಿ ತಪ್ಪೇನಿಲ್ಲ, ಎಷ್ಟೋ ಪತ್ರಗಳು ಸುಮ್ನೆ ಕಣ್ತಪ್ಪಿ ಹೋಗಿರುತ್ತವೆ.